ಮೇಸ್ತ್ರಿ ಮುಟ್ಟದ ಮೊಳೆ ಗನ್ನು

ಮರಗೆಲಸದವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗ್ಗೆ ಯಾರದೋ ಮನೆಗೆ ಹೋಗಿ ಚೀಲ ಬಿಚ್ಚಿದರೆ ಸಾಕು, ಸಂಜೆಯೊಳಗೆ ಅದು ತಾನಾಗಿ ಬಂದೇ ಬರುತ್ತದೆ. ದಿನವಿಡೀ ಬೇರೆಯವರ ಮನೆಯೊಳಗೆ ಇರುವವರು ನಾವು. ಅವರ ಅಡುಗೆ, ಅವರ ಜಗಳ, ಅವರ ವಾಸ್ತು, ಇಷ್ಟೆಲ್ಲದರ ನಡುವೆ ನಮ್ಮ ಗರಗಸ ಓಡಬೇಕು. ಅದರ ಜೊತೆಗೆ ಕಾಂಕ್ರೀಟಿಗೆ ಮೊಳೆ ಹೊಡೆಯುವ ಗಾಳಿ ಗನ್ನು ಒಂದಿದ್ದು, ಅದನ್ನು ಕಂಡರಾಗದ ಮೇಸ್ತ್ರಿಯೊಬ್ಬರು ಪಕ್ಕದಲ್ಲಿದ್ದರಂತೂ ಕೇಳುವುದೇ ಬೇಡ.

ನಮ್ಮದು ತೂಬಗೆರೆ ಕಡೆಯ ಬೇಸಾಯದ ಮನೆ. ಮರಗೆಲಸ ನನಗೆ ಹುಟ್ಟಿನಿಂದ ಬಂದದ್ದಲ್ಲ. ಪಕ್ಕದ ಹಳ್ಳಿಯ ಮೇಸ್ತ್ರಿಯೊಬ್ಬರು ಕಲಿಸಿದ್ದು. ಉಳಿ ಹಿಡಿಯುವುದರಿಂದ ಹಿಡಿದು ಮನೆ ಯಜಮಾನರ ಮುಂದೆ ಬಾಯಿ ಮುಚ್ಚಿಕೊಂಡಿರುವುದರವರೆಗೆ ಎಲ್ಲವನ್ನೂ ಅವರೇ ಹೇಳಿಕೊಟ್ಟರು. ಎರಡನೆಯದನ್ನು ನಾನು ಪೂರ್ತಿ ಕಲಿಯಲಿಲ್ಲ. ಈಗ ಅವರಿಗೆ ಕಣ್ಣು ಮಂಜು, ಕೆಲಸಕ್ಕೆ ಬರುವುದಿಲ್ಲ. ನಾನು ನೋಡಲು ಹೋದಾಗಲೆಲ್ಲ ಯಾವ ಮನೆ ಕೆಲಸ, ಎಷ್ಟಗಲ, ಎಷ್ಟುದ್ದ ಎಂದು ಕೇಳಿ, ನಾನು ಹೇಳುವ ಅಳತೆಯಲ್ಲೇ ತಪ್ಪು ಹುಡುಕುತ್ತಾರೆ. ಅವರಿಲ್ಲದೆ ಕೆಲಸ ಮಾಡುವುದು ನನಗೆ ಅಭ್ಯಾಸವಾಗಿದೆ, ಇಷ್ಟವಾಗಿಲ್ಲ. ಆ ದಿನಗಳನ್ನು ನೆನೆದಾಗ ಮೊದಲು ನಗು ಬರುತ್ತದೆ, ಆಮೇಲೆ ಅವರನ್ನು ನೋಡಿಕೊಂಡು ಬರಬೇಕೆನಿಸುತ್ತದೆ.

ಮೊದಲ ಮೊಳೆ

ಹಿಂದೆಲ್ಲ ಕಾಂಕ್ರೀಟಿಗೆ ಮರ ಕೂರಿಸುವುದೆಂದರೆ ಒಂದು ತಪಸ್ಸು. ಹಲಗೆ ನಿಲ್ಲಬೇಕಾದರೆ ಮೊದಲು ಗೋಡೆಗೆ ರೀಪು ಹೊಡೆಯಬೇಕು. ರೀಪೆಂದರೆ ಉದ್ದನೆಯ ಮರದ ಪಟ್ಟಿ. ಕಾಂಕ್ರೀಟು ಮೊಳೆಯನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತೂತು ಕೊರೆದು, ತೂತಿಗೆ ಮರದ ಬೆಣೆ ಜಡಿದು, ಆ ಬೆಣೆಗೆ ಮೊಳೆ ಹೊಡೆಯಬೇಕು. ಮೇಸ್ತ್ರಿ ಬೆಣೆಗಳನ್ನು ತಾವೇ ಕೂತು ಕೆತ್ತುತ್ತಿದ್ದರು. ನಾನು ಕೆತ್ತಿದ್ದನ್ನು ಒಮ್ಮೆ ತಿರುಗಿಸಿ ನೋಡಿ, "ಹಲ್ಲು ಚುಚ್ಕೊಳಕ್ಕೆ ಚೆನ್ನಾಗದೆ" ಎಂದು ಪಕ್ಕಕ್ಕಿಡುತ್ತಿದ್ದರು. ಸೂರಿನ ಕೆಲಸವಾದರೆ ದಿನವಿಡೀ ಕೈ ಮೇಲೆ, ಕಣ್ಣ ತುಂಬ ಸಿಮೆಂಟಿನ ಪುಡಿ. ಆ ಪುಡಿಯ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಂದರೆ ನನಗೆ ಅವರ ಬೈಗುಳ ಕೇಳಿಸುತ್ತದೆ.

ಒಂದು ದಿನ ಟೀ ಕುಡಿಯುವಾಗ ನೋಡಿದೆ, ಮೇಸ್ತ್ರಿ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದರು. ಮಾರನೆಯ ದಿನವೂ ಎಡಗೈ.

"ಯಾಕ್ ಮೇಸ್ತ್ರಿ, ಬಲಗೈಗೆ ಏನಾಯ್ತು?"

"ಏನೂ ಆಗಿಲ್ಲ. ಬಲಗೈ ಬಿಸಿ ತಡ್ಯಲ್ಲ."

ಬೇಸಿಗೆಯಲ್ಲಿ ಬಿಸಿ ಕಬ್ಬಿಣ ಹಿಡಿಯುವ ಕೈ ಟೀ ಲೋಟದ ಬಿಸಿ ತಡೆಯುವುದಿಲ್ಲವಂತೆ. ಭುಜ ಸೋತಿತ್ತು. ವರ್ಷಾನುಗಟ್ಟಲೆ ಕೈ ಎತ್ತಿ ಸುತ್ತಿಗೆ ಬೀಸಿದ್ದು ಅಲ್ಲಿ ಹೋಗಿ ಕೂತಿತ್ತು. ಅವರ ಬಾಯಲ್ಲಿ ಅದನ್ನು ಹೇಳಿಸುವುದು ಯಾರಿಂದಲೂ ಆಗುವ ಮಾತಲ್ಲ. ನಾನು ಯೋಚನೆ ಮಾಡಿ, ಮಾಡಿ, ಕೊನೆಗೆ ಕಂಪ್ರೆಸರು ಮತ್ತು ಮೊಳೆ ಗನ್ನು ತಂದೆ. ರೀಪಿನ ಮೇಲೆ ಒತ್ತಿ ಬೆರಳು ಅದುಮಿದರೆ ಗಾಳಿಯ ಒತ್ತಡಕ್ಕೆ ಮೊಳೆ ಮರವನ್ನೂ ದಾಟಿ ಕಾಂಕ್ರೀಟಿಗೆ ಇಳಿಯುತ್ತದೆ. ತೂತು ಬೇಡ, ಬೆಣೆ ಬೇಡ, ಭುಜಕ್ಕೆ ಕೆಲಸವೇ ಇಲ್ಲ.

ಮೇಸ್ತ್ರಿ ಅದನ್ನು ಮೇಲಿಂದ ಕೆಳಗೆ ನೋಡಿದರು. "ನನ್ ಕೈ ಸಾಲಲ್ಲ ಅಂತ ತಾನೇ ಇದನ್ನ ತಂದಿದ್ದು?"

"ಇಲ್ಲ ಮೇಸ್ತ್ರಿ, ಕೆಲಸ ಬೇಗ ಆಗ್ಲಿ ಅಂತ."

"ಸರಿ, ನೀನು ಹೊಡ್ಕೊ. ನಾನಂತೂ ಮುಟ್ಟಲ್ಲ. ನಾನು ಇದನ್ನ ಮುಟ್ಟಿದ ದಿನ ಚೀಲ ಕಟ್ಕೊಂಡು ಮನೆಗೆ ಹೋದೆ ಅಂತ ತಿಳ್ಕೊ."

ಒಮ್ಮೆ ಅಂದರೆ ಮುಗಿಯಿತು, ಅವರು ಮಾತಿನ ಮನುಷ್ಯ. ನಾನು ಚೆನ್ನಾಗಿ ಸಿಕ್ಕಿಹಾಕಿಕೊಂಡೆ. ಮುಟ್ಟಿದರೆ ಮೇಸ್ತ್ರಿ ಮನೆಗೆ ಹೋಗುತ್ತಾರೆ, ಮುಟ್ಟದಿದ್ದರೆ ಭುಜ ಹೋಗುತ್ತದೆ. ಅವರ ಭುಜ ಉಳಿಸಲು ತಂದ ವಸ್ತುವೇ ಅವರನ್ನು ಕಳೆಯುವ ಹಾಗಾಯಿತು.

ಮೊದಲ ಕೆಲಸ ನೆಲಮಂಗಲದ ಒಂದು ಗೋಡೌನಿನ ಆಫೀಸು ರೂಮಿನಲ್ಲಿ. ಮೇಸ್ತ್ರಿಗೆ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ಗಾಳಿಯ ಒತ್ತಡವನ್ನು ಸ್ವಲ್ಪ ಜಾಸ್ತಿಯೇ ಇಟ್ಟೆ. ಲೋಡಿಂಗಿನವರೂ ನಾಲ್ಕು ಜನ ನೋಡಲು ನಿಂತರು. ರೀಪನ್ನು ಗೋಡೆಗೆ ಹಿಡಿದು ಒತ್ತಿದೆ. ಠಪ್ ಎಂದಿತು. ಎರಡನೆಯದು ಠಪ್, ಮೂರನೆಯದು ಠಪ್. ಗೆದ್ದವನ ಹಾಗೆ ತಿರುಗಿ ಕೈ ಬಿಟ್ಟೆ. ರೀಪು ಜಾರಿ ಬಂದು ನನ್ನ ಕಾಲ ಮೇಲೆ ಬಿತ್ತು. ಮೊಳೆಗಳು ಮರವನ್ನು ದಾಟಿ, ತಲೆಸಮೇತ ಕಾಂಕ್ರೀಟಿನೊಳಗೆ ಮುಳುಗಿದ್ದವು.

ಮೇಸ್ತ್ರಿ ಗೋಡೆಯ ಹತ್ತಿರ ಬಂದು ಮೂರು ಚುಕ್ಕೆಗಳ ಮೇಲೂ ಬೆರಳಾಡಿಸಿದರು. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. "ಮೊಳೆ ಬಲೇ ಭದ್ರವಾಗಿ ಕೂತದೆ ಕಣ್ಲಾ. ಇನ್ನು ಅದರ ಮೇಲೆ ರೀಪು ಕೂರ್ಸಕ್ಕೆ ಯಾವ ಮಿಷನ್ ಸಿಗುತ್ತೆ ಅಂತ ಕೇಳ್ಕೊಂಡು ಬಾ."

ನೀರು ಬಂತು

ಆಮೇಲೆ ಒಂದೇ ಮನೆಯಲ್ಲಿ ಎರಡು ಕೆಲಸ ನಡೆಯತೊಡಗಿತು. ಒಂದು ಗೋಡೆಗೆ ನಾನು ಠಪ್ ಠಪ್ ಎಂದು ಗನ್ನಿನಲ್ಲಿ, ಇನ್ನೊಂದು ಗೋಡೆಗೆ ಅವರು ಬೆಣೆ ಸುತ್ತಿಗೆಯಲ್ಲಿ. ನನ್ನ ಗೋಡೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವರದು ಮುಗಿಯುವವರೆಗೆ ನಾನು ಏನೋ ಉಜ್ಜುವ ಹಾಗೆ ನಟಿಸುತ್ತ ಕೂರುತ್ತಿದ್ದೆ.

ಮೇಸ್ತ್ರಿಗೆ ಒಂದು ವಿದ್ಯೆಯಿತ್ತು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಕೊಟ್ಟು, ಇಲ್ಲಿ ಇಟ್ಟಿಗೆ, ಇಲ್ಲಿ ಕಾಂಕ್ರೀಟು, ಇಲ್ಲಿ ಏನೋ ಪೈಪು ಹೋಗಿದೆ ಎಂದು ಹೇಳುತ್ತಿದ್ದರು. ದೊಡ್ಡಬಳ್ಳಾಪುರದ ಒಂದು ಮನೆಯಲ್ಲಿ ಅವರು ಅಡುಗೆಮನೆಯ ಪಕ್ಕದ ಗೋಡೆ ತಟ್ಟಿ, ಪೆನ್ಸಿಲಿನಲ್ಲಿ ಗುಂಡಗೆ ಗೀಚಿ, "ಇಲ್ಲಿ ಬೇಡ" ಎಂದರು. ಮನೆ ಯಜಮಾನರು ಕಟ್ಟಿಸಿದಾಗಿನ ನಕ್ಷೆ ತಂದು ಹಾಸಿ, "ಇಲ್ಲೇನೂ ಇಲ್ಲ, ಧಾರಾಳವಾಗಿ ಹೊಡೀರಿ" ಎಂದರು. ಕಿವಿಗೂ ಕಾಗದಕ್ಕೂ ನಡುವೆ ನಾನು ಕಾಗದವನ್ನು ನಂಬಿದೆ.

ಠಪ್ ಎಂದದ್ದೇ ತಡ, ರೀಪಿನ ಸಂದಿಯಿಂದ ನೀರು ಬೀಸಣಿಗೆಯ ಹಾಗೆ ಚಿಮ್ಮಿತು. ನಾನು ಎರಡೂ ಅಂಗೈ ಒತ್ತಿ ಹಿಡಿದು, "ಯಾರಾದ್ರೂ ವಾಲ್ವ್ ಮುಚ್ರಪ್ಪೋ" ಎಂದು ಕೂಗಿದೆ. ಆ ಬೀದಿಯಲ್ಲಿ ನಲ್ಲಿ ನೀರು ಬಂದು ಆರು ದಿನವಾಗಿತ್ತು. ಯಜಮಾನರ ತಾಯಿ ಹಜಾರಕ್ಕೆ ಬಂದು ನೋಡಿದವರೇ ಬಾಗಿಲಿಗೆ ಓಡಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ನೀರು ಬಂತು ಕಣ್ರೇ! ಬಿಂದಿಗೆ ತನ್ನಿ!"

ಯಾವ ನೀರು, ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಹೆಂಗಸರು ಬಿಂದಿಗೆ, ಕೊಡ, ಬಕೆಟ್ಟು ಹಿಡಿದು ಬಂದು ಸಾಲಾಗಿ ನಿಂತರು. "ಕೈ ತೆಗಿಯಪ್ಪ, ಅಡ್ಡ ಬರಬೇಡ" ಎಂದು ನನ್ನನ್ನೇ ಪಕ್ಕಕ್ಕೆ ಸರಿಸಿದರು. ಒಬ್ಬಾಕೆ, "ರೀಪು ಇನ್ನೊಂಚೂರು ಈಕಡೆ ಬಾಗ್ಸು, ಧಾರೆ ಸರಿಯಾಗಿ ಬೀಳ್ತಿಲ್ಲ" ಎಂದರು. ನಾನು ಬಾಗಿಸಿದೆ. ಮೇಸ್ತ್ರಿ ಏಣಿಯ ಮೇಲೆ ಕೂತು, ತಾವು ಪೆನ್ಸಿಲಿನಲ್ಲಿ ಗೀಚಿದ ಗುಂಡನ್ನೇ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಬೀದಿಯ ಅರ್ಧ ಮನೆಗಳ ಬಿಂದಿಗೆ ತುಂಬಿದ ಮೇಲೆ ಧಾರೆ ಸಣ್ಣದಾಗಿ ನಿಂತಿತು. ಯಜಮಾನರ ತಾಯಿ ಸೊಂಟದ ಮೇಲೆ ಕೈಯಿಟ್ಟು ತೃಪ್ತಿಯಿಂದ, "ಇವತ್ತು ಒಳ್ಳೇ ಫೋರ್ಸಲ್ಲಿ ಬಂತು" ಎಂದರು. ಅಷ್ಟರಲ್ಲಿ ಯಜಮಾನರು ಮಹಡಿಯಿಂದ ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ಖಾಲಿಯಾಗಿರೋದು ನಮ್ ಟ್ಯಾಂಕು!"

ಹಸು ಹೊಕ್ಕ ಮನೆ

ನಮ್ಮ ಕಡೆ ಮನೆ ಮುಗಿದ ಮೇಲೆ ಗೃಹಪ್ರವೇಶ ಮಾಡುವುದಿಲ್ಲ. ಮುಹೂರ್ತ ಸಿಕ್ಕಿದ ದಿನ ಮಾಡುತ್ತಾರೆ. ಮರಗೆಲಸ ಅರ್ಧಕ್ಕೆ ನಿಂತಿರುತ್ತದೆ, ಬಾಗಿಲಿಗೆ ಚಿಲಕವಿರುವುದಿಲ್ಲ, ಆದರೂ ಹೋಮದ ಹೊಗೆ ಎದ್ದಿರುತ್ತದೆ. ದೇವನಹಳ್ಳಿ ಹತ್ತಿರದ ಮನೆಯೊಂದರಲ್ಲಿ ಹೀಗೇ ಆಯಿತು. "ನಿಮ್ ಸಾಮಾನೆಲ್ಲ ಒಂದು ಮೂಲೇಲಿ ಮುಚ್ಚಿಡಿ, ನೆಂಟ್ರ ಕಣ್ಣಿಗೆ ಬೀಳಬಾರ್ದು" ಎಂದು ಯಜಮಾನರು ಹೇಳಿದ್ದರಿಂದ ಕಂಪ್ರೆಸರಿಗೆ ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿದ್ದೆ. ಅದರ ಸ್ವಿಚ್ಚು ಆರಿಸುವುದನ್ನು ಮರೆತಿದ್ದೆ. ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಹಸುವಿಗೆ ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಹಾರ ಹಾಕಿ ಕರೆತಂದರು. ಮುಂದಿನ ಎರಡು ಕಾಲು ಹೊಸ್ತಿಲು ದಾಟಿತ್ತು. ಪುರೋಹಿತರು ಮಂತ್ರದ ದನಿ ಏರಿಸಿದರು. ಸರಿಯಾಗಿ ಆಗ ಕರೆಂಟ್ ಬಂತು. ಮೂಲೆಯಲ್ಲಿದ್ದ ಹೂವಿನ ಬೆಡ್‌ಶೀಟು ದಡದಡದಡ ಎಂದು ಕುಣಿಯತೊಡಗಿತು.

ಹಸು ಒಂದೇ ನೆಗೆತಕ್ಕೆ ಹಿಂದೆ ತಿರುಗಿ, ರಸ್ತೆ ದಾಟಿ, ಎದುರು ಮನೆಯ ತೆರೆದ ಬಾಗಿಲಲ್ಲಿ ನುಗ್ಗಿತು. ಅದೂ ಹೊಸ ಮನೆಯೇ. ಮನೆಮಂದಿಗೆಲ್ಲ ಹೊಂದುವ ಮುಹೂರ್ತ ಸಿಗದೆ ತಿಂಗಳುಗಟ್ಟಲೆ ಖಾಲಿ ಬಿದ್ದಿತ್ತು. ಹಸು ಅಲ್ಲಿನ ಹಜಾರದ ನಟ್ಟನಡುವೆ ನಿಂತು, ಸುಧಾರಿಸಿಕೊಂಡು, ಸಗಣಿ ಹಾಕಿತು. ಮನೆ ಗುಡಿಸಲು ಬಂದಿದ್ದ ಆ ಮನೆಯಾಕೆ ಪೊರಕೆ ಬಿಸಾಕಿ ಕೈ ಮುಗಿದರು.

"ತಾಯಿ ತಾನಾಗೇ ಬಂದವಳೆ! ಇನ್ಯಾವ ಮುಹೂರ್ತ ಬೇಕು? ರೀ, ಹಾಲು ತನ್ರೀ, ಇವತ್ತೇ ಉಕ್ಕಿಸ್ಬಿಡಾಣ!"

"ಹಸು ಕರ್ಸಿದ್ದು ನಾವು ಕಣ್ರೀ!" ಎಂದು ನಮ್ಮ ಯಜಮಾನರು ರಸ್ತೆಯ ಮಧ್ಯೆ ನಿಂತು ಕೂಗಿದರು. ಪುರೋಹಿತರು ಎರಡೂ ಮನೆ ನೋಡಿ, ಶಲ್ಯ ಸರಿಮಾಡಿಕೊಂಡು, "ಬೇಜಾರಾಗ್ಬೇಡಿ, ನಿಮ್ದಕ್ಕೆ ಇನ್ನೂ ಟೈಮಿದೆ, ಅಲ್ಲಿ ಮುಗಿಸ್ಕೊಂಡು ಬಂದ್ಬಿಡ್ತೀನಿ" ಎಂದು ಎದುರು ಮನೆಗೆ ನಡೆದರು.

ಕೊನೆಗೆ ಮೇಸ್ತ್ರಿಯೇ ಹೋಗಿ, ಅದರ ಗಂಗೆದೊಗಲು ನೇವರಿಸಿ, ಬೆಲ್ಲ ತಿನ್ನಿಸುತ್ತ ಈ ಮನೆಗೆ ಕರೆತಂದರು. ನಾನು ತಲೆ ತಗ್ಗಿಸಿ ಕಂಪ್ರೆಸರಿನ ವೈರು ಸುತ್ತುತ್ತಿದ್ದೆ. ಹಸುವಿನ ಜೊತೆ ಹಾದುಹೋಗುವಾಗ ಮೇಸ್ತ್ರಿ ನಿಂತು ಹೇಳಿದರು, "ನಾನೊಬ್ನೇ ಅಲ್ಲ ಕಣ್ಲಾ. ಹಸೂಗೂ ಅದನ್ನ ಕಂಡ್ರಾಗಲ್ಲ."

ಆಯುಧಪೂಜೆಯ ಕುಂಕುಮ

ಆಯುಧಪೂಜೆಗೆ ನಮ್ಮ ಷೆಡ್ಡಿನಲ್ಲಿ ಮೇಸ್ತ್ರಿ ಸಾಮಾನುಗಳನ್ನು ವಯಸ್ಸಿನ ಪ್ರಕಾರ ಜೋಡಿಸುತ್ತಿದ್ದರು. ಅವರ ಗುರುಗಳು ಕೊಟ್ಟ ಉಳಿ ಎಲ್ಲಕ್ಕಿಂತ ಮುಂದೆ. ಆಮೇಲೆ ಬಾಚಿ, ಗರಗಸ, ಸುತ್ತಿಗೆ. ಎಷ್ಟೋ ವರ್ಷದಿಂದ ತುಕ್ಕು ಹಿಡಿದು ಯಾತಕ್ಕೂ ಬಾರದ ಒಂದು ಇಕ್ಕಳಕ್ಕೂ ಅಲ್ಲಿ ಜಾಗವಿತ್ತು. "ದುಡಿದಿದ್ದು ಅದು, ಕೂತು ಪೂಜೆ ತಗೊಳ್ಲಿ" ಎನ್ನುತ್ತಿದ್ದರು. ಗನ್ನು ತಂದ ವರ್ಷ ನಾನು ಅದನ್ನೂ ಸಾಲಿನ ಕೊನೆಯಲ್ಲಿಟ್ಟೆ. ಮೇಸ್ತ್ರಿ ಒಮ್ಮೆ ನೋಡಿ, "ಅದನ್ನ ಆಚೆ ಮಡಗು" ಎಂದರು. ನಾನು ಮೂಲೆಯಲ್ಲಿ ಕಂಪ್ರೆಸರಿನ ಮೇಲಿಟ್ಟು, ಅದಕ್ಕೊಂದು ಹೂವು ಸಿಕ್ಕಿಸಿ, ಬೇಜಾರಿನಲ್ಲೇ ಮಂಗಳಾರತಿ ತೆಗೆದುಕೊಂಡು ಮನೆಗೆ ಹೋದೆ. ಅವತ್ತು ಷೆಡ್ಡಿಗೆ ಬೀಗ ಹಾಕಿಕೊಂಡು ಬಂದವರು ಮೇಸ್ತ್ರಿ.

ಹಬ್ಬ ಕಳೆದು ಹೊಸಕೋಟೆ ಕಡೆಯ ಒಂದು ಮನೆಯಲ್ಲಿ ಕೆಲಸ ಶುರುಮಾಡಿದೆವು. ಯಜಮಾನರು ಮಗನ ನಿಶ್ಚಿತಾರ್ಥಕ್ಕೆ ಹೊರಟು, ಇಸ್ತ್ರಿ ಮುರಿಯದ ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟು ನಿಂತಿದ್ದರು. "ಒಂದು ಮೊಳೆ ಹೊಡ್ದು ತೋರ್ಸಿ, ನೋಡ್ಕೊಂಡೇ ಹೋಗ್ತೀನಿ" ಎಂದು ನನ್ನ ಪಕ್ಕಕ್ಕೇ ಬಂದರು. ನಾನು ಪೈಪು ಸಿಕ್ಕಿಸಿ ಗನ್ನು ಒತ್ತಿದೆ.

ಬುಸ್ ಎಂದು ಕೆಂಪು ಮೋಡವೊಂದು ಎದ್ದಿತು. ಅದು ಇಳಿದ ಮೇಲೆ ನೋಡಿದರೆ ಯಜಮಾನರ ಮುಖದಲ್ಲಿ ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಕುಂಕುಮ. ಪಂಚೆಯ ಅಂಚಿನವರೆಗೂ ಓಕುಳಿ. ಕೆನ್ನೆಗೆ ಒಂದು ಸೇವಂತಿಗೆ ಎಸಳು ಅಂಟಿತ್ತು. ಒಳಗಿನಿಂದ ಬಂದ ಅವರ ಹೆಂಡತಿ ಗಾಬರಿಯಾಗಿ, "ಹೆಣ್ಣಿನ ಕಡೆಯೋರು ಆಗ್ಲೇ ಬಂದು ಓಕುಳಿ ಎರಚ್ಬಿಟ್ರಾ?" ಎಂದರು.

ಅವರು ಬಟ್ಟೆ ಬದಲಿಸಲು ಹೋದ ಮೇಲೆ ನಾನು ಗನ್ನು ಬಿಚ್ಚಿ ನೋಡಿದೆ. ಪೈಪು ಸಿಕ್ಕಿಸುವ ಬಾಯಿಯೊಳಗೆ ಇನ್ನೂ ಕುಂಕುಮವಿತ್ತು, ಅರಿಶಿನವಿತ್ತು, ಐದಾರು ಅಕ್ಷತೆ ಕಾಳಿತ್ತು. ನಾನು ಹಾಕಿದ್ದು ಒಂದೇ ಹೂವು, ಅದೂ ಹಿಡಿಯ ಮೇಲೆ. ಹಾಗಾದರೆ ಎಲ್ಲರೂ ಹೋದ ಮೇಲೆ ಒಬ್ಬರೇ ನಿಂತು ಅದಕ್ಕೂ ಪೂಜೆ ಮಾಡಿದ್ದಾರೆ. ನನಗೆ ನಗು ಬಂತು. ತಿರುಗಿ ನೋಡಿದರೆ ಮೇಸ್ತ್ರಿ ಸೂರಿನಲ್ಲಿ ಏನೋ ಇದೆಯೆಂಬಂತೆ ಮೇಲೆ ನೋಡುತ್ತಿದ್ದರು.

"ಮೇಸ್ತ್ರಿ, ಇದರ ಬಾಯೊಳಗೆ ಕುಂಕುಮ ಯಾರು ಹಾಕಿದ್ದು?"

"ನಾನು ಮುಟ್ಟಿಲ್ಲಪ್ಪ." ಸ್ವಲ್ಪ ತಡೆದು ಸೇರಿಸಿದರು, "ಮೇಲಿಂದ ಉದುರ್ಸಿದೆ, ಅಷ್ಟೇಯ."

ಗೋಡೆಗೆ ಒರಗಿದ ಮೇಸ್ತ್ರಿ

ಶಿವಗಂಗೆ ಬೆಟ್ಟದ ಬುಡದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಹಜಾರದ ಕಾಂಕ್ರೀಟು ಗೋಡೆಗೆ ಪೂರ್ತಿ ಮರದ ಹಲಗೆ ಹೊದಿಸಬೇಕೆಂದು ಅವರ ಆಸೆ. ಗೋಡೆಗೆ ನೆಟ್ಟಗೆ ಹತ್ತು ರೀಪು ನಿಲ್ಲಿಸಬೇಕಿತ್ತು. ಅಷ್ಟೊತ್ತಿಗೆ ಮೇಸ್ತ್ರಿಯ ಭುಜ ತೀರಾ ಹದಗೆಟ್ಟಿತ್ತು. ಆ ದಿನ ಬೆಳಗ್ಗೆ ಸುತ್ತಿಗೆ ಎರಡು ಸಲ ಕೈಯಿಂದ ಜಾರಿ ಬಿತ್ತು. ಎರಡನೆಯ ಸಲ ನಾನು ಎತ್ತಿಕೊಡಲು ಬಗ್ಗಿದಾಗ ಅವರು ನನ್ನ ಮುಖ ನೋಡದೆ ಹೇಳಿದರು.

"ಇದೊಂದು ಮನೆ ಮುಗೀಲಿ ಕಣ್ಲಾ. ಆಮೇಲೆ ನಾನು ಬರಲ್ಲ."

ಗನ್ನು ಹಿಡಿಯಿರಿ ಎನ್ನುವ ಹಾಗಿಲ್ಲ. ಹಿಡಿದರೂ ಹೋಗುವವರೇ, ಬಿಟ್ಟರೂ ಹೋಗುವವರೇ. ಅವರಿಲ್ಲದೆ ನಾನು ಒಂದು ಚೌಕಟ್ಟು ನಿಲ್ಲಿಸುವುದನ್ನೂ ಊಹಿಸಿಕೊಂಡಿರಲಿಲ್ಲ. ಮೊಳೆ ಮುಗಿಯುತ್ತ ಬಂದಿದೆ, ತರುತ್ತೇನೆ ಎಂದು ಹೇಳಿ ದಾಬಸ್‌ಪೇಟೆಗೆ ಗಾಡಿ ಓಡಿಸಿದೆ. ಹೊರಡುವಾಗ ಗೋಡೆಯ ಮೇಲಿದ್ದದ್ದು ಮೂರು ರೀಪು. ಮೇಷ್ಟ್ರೂ ಅವರ ಹೆಂಡತಿಯೂ ಹಿತ್ತಿಲಲ್ಲಿ ಕೂತು ಅವರೆಕಾಳು ಹಿತಕುತ್ತಿದ್ದರು.

ತಿರುಗಿ ಬಂದಾಗ ಊಟದ ಹೊತ್ತು. ಹಜಾರಕ್ಕೆ ಕಾಲಿಟ್ಟರೆ ಮೇಸ್ತ್ರಿ ಗೋಡೆಗೆ ಒರಗಿ, ಕೈ ಕಟ್ಟಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ಮದುವೆ ಗಂಡು ಫೋಟೋಗೆ ನಿಂತ ಹಾಗೆ ನಿಂತಿದ್ದರು. ಕೆಲಸದ ಮನೆಯಲ್ಲಿ ಅವರು ಗೋಡೆಗೆ ಒರಗಿದ್ದನ್ನು ನಾನು ಒಂದು ದಿನವೂ ಕಂಡವನಲ್ಲ. ಒರಗಿದವರನ್ನು ಕಂಡರೆ ಬೈಯುವವರು ಅವರು.

"ಯಾಕ್ ಮೇಸ್ತ್ರಿ, ಮೈ ಸರಿಯಿಲ್ವಾ?"

"ಏನಾಗದೆ ನಂಗೆ? ಸುಮ್ನೆ ನಿಂತಿದೀನಿ. ನಿಲ್ಬಾರ್ದಾ?"

ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಕರೆದರು. "ಬನ್ನಿ ಮೇಸ್ತ್ರಣ್ಣ, ಮುದ್ದೆ ಆರೋಗುತ್ತೆ."

"ಹಸಿವಿಲ್ಲ ತಾಯಿ, ನೀವು ಉಣ್ಣಿ."

"ಹಿತಕಿದ ಬೇಳೆ ಸಾರು ಮಾಡಿದೀನಿ!"

ಮೇಸ್ತ್ರಿಯ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದನ್ನು ನಾನು ಸ್ಪಷ್ಟವಾಗಿ ಕಂಡೆ. ಹಿತಕಿದ ಬೇಳೆ ಸಾರಿದ್ದರೆ ಅವರು ಎರಡು ಮುದ್ದೆಗೆ ನಿಲ್ಲುವವರಲ್ಲ. ಆದರೂ ಗೋಡೆ ಬಿಡಲಿಲ್ಲ.

"ಬೆಳಗ್ಗೆ ತಿಂದಿದ್ದೇ ಇನ್ನೂ ಕರಗಿಲ್ಲ ತಾಯಿ."

ಮೇಷ್ಟ್ರು ಕುರ್ಚಿ ತಂದರು. "ನಿಂತೇ ಇದೀರಲ್ಲ, ಕೂತ್ಕೊಳ್ಳಿ."

"ಬೇಡ ಸಾ. ನಿಂತ್ಕೊಂಡ್ರೇ ಸೊಂಟಕ್ಕೆ ಒಳ್ಳೇದು ಅಂತ ಡಾಕ್ಟ್ರು ಹೇಳವ್ರೆ."

"ಯಾವ ಡಾಕ್ಟ್ರು?"

"ದೊಡ್ಡ ಡಾಕ್ಟ್ರು."

ನಾನು ಗೋಡೆ ನೋಡಿದೆ. ಮೂರಿದ್ದ ರೀಪು ಆರಾಗಿತ್ತು. ನೆಲದ ಮೇಲೆ ಸಿಮೆಂಟಿನ ಪುಡಿ ಒಂದು ಚಿಟಿಕೆಯೂ ಇರಲಿಲ್ಲ. ತೂತು ಕೊರೆಯದೆ ಬೆಣೆ ಹೇಗೆ ಕೂರುತ್ತದೆ? ಕಂಪ್ರೆಸರಿನ ಮೇಲೆ ಕೈಯಿಟ್ಟರೆ ಬಿಸಿ. ಅದರಿಂದ ಹೊರಟ ಗಾಳಿಯ ಪೈಪು ಹಜಾರವನ್ನೆಲ್ಲ ಬಳಸಿಕೊಂಡು ಬಂದು, ಮೇಸ್ತ್ರಿಯ ಕಾಲ ಹತ್ತಿರ ಒಂದು ಹಳೆಯ ಪೇಪರಿನ ಅಡಿಗೆ ಹೋಗಿ ಮುಗಿದಿತ್ತು. ಪೇಪರಿನ ಕೆಳಗೆ ಗನ್ನಿನ ಆಕಾರ ಚೆನ್ನಾಗಿಯೇ ಉಬ್ಬಿಕೊಂಡಿತ್ತು.

ಇನ್ನೂ ಹತ್ತಿರ ಹೋದೆ. "ಬರಬೇಡ, ಧೂಳು" ಎಂದರು. ಇಲ್ಲದ ಧೂಳು. ಆಗ ಕಂಡಿತು. ಆರನೆಯ ರೀಪನ್ನು ಮೈಯಲ್ಲಿ ಒತ್ತಿ ಹಿಡಿದು ಮೊಳೆ ಹೊಡೆದಿದ್ದಾರೆ. ಅವರ ದೊಗಳೆ ಅಂಗಿಯ ಮಗ್ಗುಲು ರೀಪಿಗೂ ಗೋಡೆಗೂ ನಡುವೆ ಸಿಕ್ಕಿದೆ. ಕಂಕುಳಿಂದ ಸೊಂಟದವರೆಗೆ ಮೂರು ಮೊಳೆ, ಮೂರೂ ಕಾಂಕ್ರೀಟಿಗೆ ಇಳಿದಿವೆ. ನಾನು ಹೋಗಿ ಒಂದು ಗಂಟೆಯ ಮೇಲಾಗಿತ್ತು. ಅಷ್ಟೂ ಹೊತ್ತು ಈ ಮನುಷ್ಯ ಯಾರನ್ನೂ ಕೂಗದೆ ಗೋಡೆಗೆ ಜಡಿಸಿಕೊಂಡು ನಿಂತಿದ್ದರು. ಅಂಗಿ ಬಿಚ್ಚಿ ಈಚೆ ಬಂದಿದ್ದರೆ ಅದೇ ಗೋಡೆಯ ಮೇಲಿಂದ ಸಾಕ್ಷಿ ಹೇಳುತ್ತಿತ್ತು.

ನಗು ಗಂಟಲವರೆಗೂ ಬಂದದ್ದನ್ನು ಕಷ್ಟಪಟ್ಟು ನುಂಗಿದೆ. ನುಂಗಿದ ಮೇಲೆ ಹೆದರಿಕೆಯಾಯಿತು. ನಾನು ಕಂಡೆ ಅಂದರೆ ಅವರು ಮುಟ್ಟಿದ್ದು ಬಯಲಾಯಿತು. ಬಯಲಾದರೆ ಚೀಲ ಕಟ್ಟುತ್ತಾರೆ. ಹಲಗೆ ಹೊದಿಸುವವರೆಗೂ ಕಾಯುವುದಿಲ್ಲ, ಈಗಲೇ, ಊಟವನ್ನೂ ಮಾಡದೆ ಹೊರಟುಬಿಡುತ್ತಾರೆ. ಅವರನ್ನು ಬಿಡಿಸಬೇಕು, ನಾನು ಕಂಡದ್ದು ಅವರಿಗೆ ತಿಳಿಯಬಾರದು. ತಲೆಗೆ ಹೊಳೆದದ್ದು ಒಂದೇ ದಾರಿ.

ಮೀಟುಗೋಲು ಕೈಗೆತ್ತಿಕೊಂಡು, ಆರನೆಯ ರೀಪಿನ ಕಡೆ ನೋಡುತ್ತ, ಏನೂ ಕಂಡಿಲ್ಲದವನ ಹಾಗೆ ಹೇಳಿದೆ. "ಮೇಸ್ತ್ರಿ, ಇದು ಬೆಳಗ್ಗೆ ನಾನು ಹೊಡ್ದಿದ್ದಲ್ವಾ? ಸೊಟ್ಟ ಬಂದ್ಬಿಟ್ಟಿದೆ. ಕಿತ್ತು ಬೇರೆ ಹೊಡೀತೀನಿ. ನೀವು ಹಂಗೇ ನಿಂತಿರಿ, ಏನೂ ತೊಂದ್ರೆಯಿಲ್ಲ."

ಮೇಸ್ತ್ರಿಯ ಕಟ್ಟಿದ ಕೈ ಬಿಚ್ಚಿತು. "ಏನಾಗದೆ?"

"ಸೊಟ್ಟ. ಒಂದೆರಡು ನೂಲು."

"ಸೊಟ್ಟಾನಾ?"

"ಹೂಂ ಮೇಸ್ತ್ರಿ. ಕಣ್ಣಿಗೇ ಕಾಣುತ್ತಲ್ಲ. ಯಾರೋ ಹೊಸಬ್ರು ಹೊಡೆದಂಗಿದೆ."

ಆ ಕೊನೆಯ ಮಾತು ಬೇಡವಾಗಿತ್ತು. ಮೇಸ್ತ್ರಿಯ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಗುತ್ತ ಬಂತು.

"ಯಾವನ್ಲಾ ಅದು ಸೊಟ್ಟ ಅಂದೋನು? ತೂಗುಗುಂಡು ತತ್ತಾ! ಹಿಡ್ದು ನೋಡ್ಲಾ! ನನ್ ಜೀವಮಾನದಲ್ಲಿ ನಾನು ಹೊಡ್ದ ರೀಪು ಸೊಟ್ಟ ಅಂದೋನು ಇನ್ನೂ ಹುಟ್ಟಿಲ್ಲ!"

ಮೇಷ್ಟ್ರು ಕುರ್ಚಿ ಹಿಡಿದು ನಿಂತೇ ಇದ್ದರು. ಅವರ ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು. ಮೇಸ್ತ್ರಿಗೆ ತಾವೇನು ಹೇಳಿದೆವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನೆಲ ನೋಡಿದರು, ಪೇಪರು ನೋಡಿದರು, ಪೇಪರಿನ ಅಡಿಯ ಉಬ್ಬು ನೋಡಿದರು.

ನಾನು ತೂಗುಗುಂಡು ತಂದು ಇಳಿಬಿಟ್ಟೆ. ದಾರ ರೀಪಿನ ಅಂಚಿಗೆ ಮೇಲಿಂದ ಕೆಳಗಿನವರೆಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ನಿಂತಿತು. ನನ್ನ ಗನ್ನಿನಲ್ಲಿ ನಾನೇ ಹೊಡೆದ ಮೊದಲ ಮೂರೂ ಅಷ್ಟು ನೆಟ್ಟಗಿರಲಿಲ್ಲ.

"ಸರಿಯಾಗದೆ ಮೇಸ್ತ್ರಿ."

"ಸರಿಯಾಗದೆ ತಾನೇ?"

"ಬಲೇ ಸರಿಯಾಗದೆ."

"ಹಂಗಾದ್ರೆ ಆ ಮೀಟುಗೋಲು ಕೆಳಗೆ ಮಡಗು. ರೀಪು ಕೀಳ್ಬೇಡ, ಅಂಗಿ ಕುಯ್ಯಿ."

ಮೇಷ್ಟ್ರ ಹೆಂಡತಿ ಕತ್ತರಿ ಕೊಟ್ಟರು. ನಾನು ರೀಪಿನ ಅಂಚಿಗೇ ಅಂಗಿ ಕತ್ತರಿಸಿದೆ. ಮೇಸ್ತ್ರಿ ಗೋಡೆಯಿಂದ ಈಚೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡರು. ಒಂದು ಮಗ್ಗುಲಲ್ಲಿ ಕಂಕುಳಿಂದ ಕೆಳಗೆ ಬರೀ ಬನಿಯನ್ನು. ಅವರ ಕಣ್ಣು ಮೂಲೆಯಲ್ಲಿದ್ದ ಚೀಲದ ಕಡೆ ಹೋಯಿತು. ಏನಾದರಾಗಲಿ ಎಂದು ಕೇಳಿಯೇಬಿಟ್ಟೆ.

"ಮೇಸ್ತ್ರಿ, ಮನೆಗೆ ಹೊರಟ್ರಾ?"

ಅವರು ಒಮ್ಮೆ ಚೀಲ ನೋಡಿ, ಒಮ್ಮೆ ಗೋಡೆಯ ಮೇಲಿನ ಅರ್ಧ ಅಂಗಿ ನೋಡಿ, ಕೊನೆಗೆ ನನ್ನನ್ನು ನೋಡಿದರು.

"ಈ ಅವತಾರದಲ್ಲಿ ಮನೆಗೆ ಹೋದ್ರೆ ನಿಮ್ಮತ್ತಿಗೆ ಒಳಕ್ಕೆ ಸೇರಿಸ್ತಾಳೇನ್ಲಾ? ಮೊದ್ಲು ಮುದ್ದೆ ಉಣ್ಣಾಣ ನಡಿ. ಅಷ್ಟರಲ್ಲಿ ಅದಕ್ಕೆ ಗಾಳಿ ತುಂಬ್ಕೊಳ್ಲಿ. ಇನ್ನೂ ನಾಲ್ಕು ರೀಪು ಅವೆ, ನೀನು ಹೊಡೆದ್ರೆ ನಿಜವಾಗ್ಲೂ ಸೊಟ್ಟ ಆಯ್ತವೆ."